ಬಾನೆಟ್ ಕೆಳಗಿನ ಧೂಳು: ತಪ್ಪು ಕಲ್ಪನೆ ಮತ್ತು ಸತ್ಯ

ಆಯುಧಪೂಜೆ ಹತ್ತಿರ ಬಂತೆಂದರೆ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ವಾಟರ್ ಸರ್ವಿಸ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಕಾರಿನ ಮೈ ತೊಳೆದಾದ ಮೇಲೆ ಬಾನೆಟ್ ಎತ್ತಿಸಿ, "ಇಲ್ಲೂ ಒಂಚೂರು ಹೊಡೀರಿ" ಅನ್ನುವವರು ಬಹಳ. ಚನ್ನರಾಯನದುರ್ಗದ ಸುತ್ತಲಿನ ಮಣ್ಣು ದಾರಿಗಳಲ್ಲಿ ತಿರುಗುವ ಗಾಡಿಯ ಎಂಜಿನ್ ಮೇಲೆ ಧೂಳು ಕೂರದೆ ಇರುತ್ತದೆಯೇ? ತೆಗೆಯುವುದು ಸರಿಯೇ. ಆದರೆ ಎಂಜಿನ್ ಕೇಳುವುದು ಮೂರೇ: ಒಳಗೆ ಹೋಗುವ ಗಾಳಿ ಶುದ್ಧವಿರಬೇಕು, ಹುಟ್ಟಿದ ಶಾಖ ಹೊರಗೆ ಹೋಗಬೇಕು, ವೈರಿಂಗ್ ಒಣಗಿರಬೇಕು. ಹೊಳಪು ಆ ಪಟ್ಟಿಯಲ್ಲಿ ಇಲ್ಲ. ಇದನ್ನು ಮರೆತಾಗ ಹುಟ್ಟಿಕೊಂಡ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ: ಎಂಜಿನ್ ತೊಳೆದರೆ ಪಿಕಪ್, ಮೈಲೇಜ್ ಹೆಚ್ಚುತ್ತದೆ.

ಸತ್ಯ: ಪಾವಗಡದ ತಿರುಮಣಿ ಬಳಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೋಲಾರ್ ಪಾರ್ಕಿನ ಫಲಕಗಳ ಮೇಲೆ ಧೂಳು ಕೂತರೆ ಕರೆಂಟು ಉತ್ಪಾದನೆ ಇಳಿಯುತ್ತದೆ, ಒರೆಸಿದರೆ ಏರುತ್ತದೆ. ಎಂಜಿನ್ ಲೆಕ್ಕ ಹಾಗಲ್ಲ. ಇಂಧನ ಉರಿಯುವುದು ಸಿಲಿಂಡರ್ ಒಳಗೆ. ಹೊರಗಿನ ಧೂಳಿನ ಪದರಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ಅಪವಾದವಿದೆ: ರೇಡಿಯೇಟರ್ ಮತ್ತು ಅದರ ಮುಂದಿರುವ ಎಸಿ ಕಂಡೆನ್ಸರ್. ಇವುಗಳ ತೆಳು ತಗಡಿನ ಸಾಲುಗಳ ನಡುವೆ ಧೂಳು, ಹುಲ್ಲು, ಸತ್ತ ಹುಳುಗಳು ತುಂಬಿಕೊಂಡರೆ ಗಾಳಿ ಹಾಯುವುದಿಲ್ಲ. ಆಗ ಎಂಜಿನ್ ಕಾಯುತ್ತದೆ, ಎಸಿ ತಣ್ಣಗಾಗುವುದಿಲ್ಲ. ಅವನ್ನು ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲನೆಯ ಗಾಳಿಯಿಂದ ಊದಿಸಿ.

ತಪ್ಪು ಕಲ್ಪನೆ: ಪ್ರೆಶರ್ ನೀರು ಹೊಡೆದರೇ ಕೊಳೆ ಹೋಗುವುದು.

ಸತ್ಯ: ಕೊಳೆ ಹೋಗುತ್ತದೆ, ಜೊತೆಗೆ ನೀರು ಹೋಗಬಾರದ ಕಡೆಗೂ ಹೋಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ ಕೂತಿರುವುದು ಒಂದು ಆಳದ ಗುಂಡಿಯಲ್ಲಿ. ಅಲ್ಲಿ ನೀರು ನಿಂತರೆ ಪ್ಲಗ್ ತುದಿಯಲ್ಲಿ ಕಿಡಿಯಾಗಬೇಕಿದ್ದ ವಿದ್ಯುತ್ ಪಕ್ಕದ ಲೋಹಕ್ಕೆ ಸೋರಿಹೋಗುತ್ತದೆ. ಆ ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ, ಎಂಜಿನ್ ನಡುಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಹೇಳುವ 'ಮಿಸ್ಸಿಂಗ್' ಇದೇ. ಹಾಗೇ ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೂ ಕೆಡಿಸುತ್ತದೆ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಇಸಿಯು ಜೋಡಣೆಗಳಿಗೂ ನೀರಿನ ಇದೇ ಕಾಟ. ನೇರ ಜೆಟ್ ಹೊಡೆದರೆ ರೇಡಿಯೇಟರಿನ ತೆಳು ತಗಡೂ ಮಡಚಿಕೊಳ್ಳುತ್ತದೆ. ಓಡಿಸಿ ತಂದ ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿದರೆ ಕಾದ ಲೋಹ ಬಿರುಕು ಬಿಡುವ ಅಪಾಯವೂ ಉಂಟು.

ತಪ್ಪು ಕಲ್ಪನೆ: ಹಾಗಾದರೆ ಒಂದು ಹನಿ ನೀರೂ ತಾಗಬಾರದು.

ಸತ್ಯ: ಮಳೆಗಾಲದ ರಸ್ತೆಯಲ್ಲಿ ಎರಚುವ ನೀರನ್ನು ತಡೆದುಕೊಳ್ಳುವಂತೆಯೇ ಗಾಡಿ ಕಟ್ಟಿರುತ್ತಾರೆ. ವೈರಿನ ಜೋಡಣೆಗಳಿಗೆ ರಬ್ಬರ್ ಸೀಲ್ ಇರುತ್ತದೆ. ಹಿಂಡಿದ ಒದ್ದೆ ಬಟ್ಟೆಗೆ ಹೆದರಬೇಕಿಲ್ಲ. ಹೆದರಬೇಕಾದ್ದು ಆಮೇಲೆ ಹಾಕಿಸಿದ ಹಾರ್ನ್, ಫಾಗ್ ಲ್ಯಾಂಪುಗಳಿಗಾಗಿ ವೈರ್ ಸುಲಿದು ಟೇಪ್ ಸುತ್ತಿದ ಜಾಗಗಳಿಗೆ. ನೀರು ಮೊದಲು ನುಗ್ಗುವುದು ಅಲ್ಲೇ. ಅಂಥ ಕಡೆ ರಿಲೇ, ಫ್ಯೂಸ್ ಹಾಕಿಸಿ ಸರಿಯಾದ ಕನೆಕ್ಟರ್ ಕೊಡಿಸಿ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಅವುಗಳ ತಂಟೆಗೆ ಹೋಗಬೇಡಿ.

ತಪ್ಪು ಕಲ್ಪನೆ: ಡೀಸೆಲ್ ಅಥವಾ ಸೀಮೆಎಣ್ಣೆ ಸ್ಪ್ರೇ ಮಾಡಿಸಿದರೆ ಎಂಜಿನ್ ಹೊಸದರಂತಾಗುತ್ತದೆ.

ಸತ್ಯ: ಗ್ರೀಸ್ ಕರಗಿ ಮಿನುಗುವುದು ನಿಜ. ಆದರೆ ಆ ಎಣ್ಣೆ ರಬ್ಬರ್ ಪೈಪು, ಬೆಲ್ಟು, ಎಂಜಿನ್ ಮೌಂಟಿಂಗ್‌ಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಬೆಂಕಿಯ ಭಯ. ಉಳಿದ ಜಿಡ್ಡಿಗೆ ನಮ್ಮ ಕಡೆಯ ಧೂಳು ಮೊದಲಿಗಿಂತ ಬೇಗ ಅಂಟಿಕೊಳ್ಳುತ್ತದೆ. ಹೊಳಪಿನ ಸಿಲಿಕಾನ್ ಸ್ಪ್ರೇ ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರಿ ಕಿರುಚುತ್ತದೆ. ಜಿಡ್ಡಿಗೆ ಎಂಜಿನ್ ಡಿಗ್ರೀಸರ್, ಇಲ್ಲವೇ ನೀರಿನಲ್ಲಿ ಬೆರೆಸಿದ ಶಾಂಪೂ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ತಪ್ಪು ಕಲ್ಪನೆ: ಏರ್ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆದರೆ ಹೊಸದಕ್ಕೆ ಸಮ.

ಸತ್ಯ: ಬಲವಾಗಿ ಹೊಡೆದರೆ ಫಿಲ್ಟರ್ ಕಾಗದ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಿಯುತ್ತದೆ. ಆ ತೂತಿನಿಂದ ನುಗ್ಗುವ ಮರಳಿನ ಕಣ ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗ್ ಸವೆಸುತ್ತದೆ. ಎಂಜಿನ್ ಆಯಿಲ್ ಕುಡಿಯಲು ಶುರುಮಾಡುವುದು ಆಮೇಲೆ. ಊದಲೇಬೇಕಿದ್ದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ. ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಬೇಗ ಫಿಲ್ಟರ್ ಬದಲಿಸಿ ಎಂದು ಕಂಪನಿ ಕೈಪಿಡಿಗಳೇ ಹೇಳುತ್ತವೆ. ಪಿಕಪ್ ಆಸೆಗೆ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದು ಓಡಿಸುವುದಂತೂ ಎಂಜಿನ್‌ಗೆ ಮಣ್ಣು ತಿನ್ನಿಸಿದಂತೆ.

ತಪ್ಪು ಕಲ್ಪನೆ: ರೇಡಿಯೇಟರಿಗೆ ಯಾವ ನೀರಾದರೇನು?

ಸತ್ಯ: ನಮ್ಮ ಕೊಳವೆ ಬಾವಿ ನೀರು ಕುದಿಸಿದ ಪಾತ್ರೆಯ ತಳ ನೋಡಿ, ಬಿಳಿ ಪದರ ಕಟ್ಟಿರುತ್ತದೆ. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟೇ ಬೇಕು. ಬಿಸಿಯಿದ್ದಾಗ ಮುಚ್ಚಳ ತೆಗೆಯಲೇಬೇಡಿ.

ತಪ್ಪು ಕಲ್ಪನೆ: ತಂಬಾಕಿನ ಎಲೆ, ನುಸಿ ಗುಳಿಗೆ ಇಟ್ಟರೆ ಇಲಿ ಬರುವುದಿಲ್ಲ.

ಸತ್ಯ: ಬಿಸಿಗೆ ವಾಸನೆ ಬೇಗ ಹಾರಿಹೋಗುತ್ತದೆ, ಇಲಿ ಮರಳಿ ಬರುತ್ತದೆ. ನುಸಿ ಗುಳಿಗೆಯ ಆವಿ ಎಸಿ ದಾರಿಯಿಂದ ಕಾರಿನೊಳಗೇ ಬರುತ್ತದೆ. ಇಲಿಯ ಬಾಚಿಹಲ್ಲು ಸದಾ ಬೆಳೆಯುತ್ತಲೇ ಇರುತ್ತದೆ, ಅದಕ್ಕೆ ಕಡಿಯಲು ಏನಾದರೂ ಬೇಕು. ವೈರ್ ಸಿಕ್ಕರೆ ವೈರ್. ಕಡಲೆಕಾಯಿ ಮನೆಗೆ ಬರುವ ಕಾಲದಲ್ಲಿ ಮೂಟೆಗಳ ಪಕ್ಕ ಗಾಡಿ ನಿಲ್ಲಿಸಬೇಡಿ. ಎರಡು ಮೂರು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಏರ್ ಫಿಲ್ಟರ್ ಡಬ್ಬಿಯೊಳಗೆ ಸಿಪ್ಪೆ, ಹುಲ್ಲು ಕಂಡರೆ ಗೂಡಾಗುವ ಮೊದಲೇ ತೆಗೆಯಿರಿ.

ಸರಿಯಾದ ಕ್ರಮ ಬಲು ಸರಳ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಗಾಳಿ ಒಳಹೋಗುವ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಒಣ ಬ್ರಷ್ಷಿನಿಂದ ಧೂಳು ತೆಗೆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಹುಣಸೆ ಮರದಡಿ ನಿಲ್ಲುವ ಗಾಡಿಯಾದರೆ ವೈಪರ್ ಕೆಳಗಿನ ಜಾಲರಿ ನೋಡಿ. ಅಲ್ಲಿ ಎಲೆ, ಪೂಜೆಯ ಹೂವಿನ ಎಸಳು ಸೇರಿ ನೀರು ಹೋಗುವ ತೂತು ಮುಚ್ಚಿದರೆ ಮಳೆನೀರು ಕಾರಿನೊಳಗೆ ಇಳಿಯಬಹುದು. ಎಲ್ಲ ಒಣಗಿದ ಮೇಲೆ ಕವರ್‌ಗಳನ್ನು ಬಿಚ್ಚಿ, ಆಮೇಲಷ್ಟೇ ಸ್ಟಾರ್ಟ್ ಮಾಡಿ.

ಒಂದು ಎಚ್ಚರ: ಹಳೆಯ ಕಾರು ಕೊಳ್ಳುವಾಗ ಎಂಜಿನ್ ಫಳಫಳ ಹೊಳೆಯುತ್ತಿದ್ದರೆ ಅದಕ್ಕೇ ಮರುಳಾಗಬೇಡಿ. ಆಯಿಲ್ ಸೋರಿಕೆಯ ಗುರುತನ್ನು ತೊಳೆದು ಅಳಿಸಿರಬಹುದು. ಒಂದು ಸುತ್ತು ಓಡಿಸಿ ಬಂದು ಮತ್ತೆ ಬಾನೆಟ್ ಎತ್ತಿ ನೋಡಿ. ನಿಮ್ಮದೇ ಕಾರಾದರೆ, ತೊಳೆಸಲು ಖರ್ಚು ಮಾಡುವ ಮೊದಲು ಏರ್ ಫಿಲ್ಟರ್, ಕೂಲೆಂಟ್ ನೋಡಿಕೊಳ್ಳಿ. ಎಂಜಿನ್ ಬಾಳಿಕೆ ಇರುವುದು ಅಲ್ಲಿ.