ಬೆರಳು ನಿಂತಾಗ ಓಡುವ ಕೋಡ್

ಇಮ್ಯಾಕ್ಸ್ ಎಡಿಟರ್‌ನಲ್ಲಿ ಕರ್ಸರ್ ಒಂದು ಆವರಣ ಚಿಹ್ನೆಯ ಬಳಿ ಬಂದು ನಿಂತರೆ ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ಅದರ ಜೋಡಿ ಚಿಹ್ನೆಗೆ ಬಣ್ಣ ಬರುತ್ತದೆ. ಅರ್ಧ ಸೆಕೆಂಡ್ ಸುಮ್ಮನಿದ್ದರೆ ಕರ್ಸರ್ ಇರುವ ಫಂಕ್ಷನ್ನಿನ ವಿವರ ಪರದೆಯ ಕೆಳಗೆ ಮೂಡುತ್ತದೆ. ಇವೆರಡೂ ಟೈಮರ್‌ಗಳ ಕೆಲಸ.

ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಹೊರತಂದ ಗ್ನೂ ಇಮ್ಯಾಕ್ಸ್‌ನ ಬಹುಭಾಗ ಲಿಸ್ಪ್ ಭಾಷೆಯಲ್ಲಿದೆ. ಹಾಗಾಗಿ ಬಳಕೆದಾರರೂ ಇಂಥ ಟೈಮರ್ ಬರೆದುಕೊಳ್ಳಬಹುದು. ಬರೆಯಲು ಒಂದೇ ಸಾಲು ಸಾಕು. ಎಡವಟ್ಟಾಗುವುದಕ್ಕೂ ಅಷ್ಟೇ ಸಾಕು.

ಟೈಮರ್ ಹಿನ್ನೆಲೆಯಲ್ಲಿ ಬೇರೆಯಾಗಿ ಓಡುತ್ತದೆ ಎಂಬುದು ಹಲವರ ನಂಬಿಕೆ. ಹಾಗೇನಿಲ್ಲ. ಎಡಿಟರ್ ಕೀಲಿಯ ಒತ್ತುವಿಕೆಗಾಗಿ ಕಾಯುತ್ತಿರುವಾಗ ಸಿಗುವ ಬಿಡುವಿನಲ್ಲೇ, ಅದೇ ಎಳೆಯಲ್ಲೇ (ಥ್ರೆಡ್), ಅದು ಓಡಬೇಕು. ಟೈಮರ್ ಫಂಕ್ಷನ್ ನೆಟ್‌ವರ್ಕ್‌ನ ಉತ್ತರಕ್ಕೆ ಮೂರು ಸೆಕೆಂಡ್ ಕಾದರೆ ಪರದೆಯೂ ಮೂರು ಸೆಕೆಂಡ್ ಮರಗಟ್ಟುತ್ತದೆ. ಗಾಬರಿಯಿಂದ ಕಂಟ್ರೋಲ್-ಜಿ ಒತ್ತಿದರೂ ಪ್ರಯೋಜನವಿಲ್ಲ: ಟೈಮರ್ ಓಡುವಷ್ಟು ಹೊತ್ತು ಇಮ್ಯಾಕ್ಸ್ ಆ ನಿಲುಗಡೆ ಕೀಲಿಯನ್ನು ತಡೆಹಿಡಿದಿರುತ್ತದೆ. ಅನಿವಾರ್ಯವಾಗಿ ಹೊತ್ತು ಹಿಡಿಯುವ ಕೆಲಸವನ್ನು 'ವಿತ್-ಲೋಕಲ್-ಕ್ವಿಟ್' ಎಂಬ ಲಿಸ್ಪ್ ರಚನೆಯೊಳಗೆ ಸುತ್ತಿದರೆ ಕೀಲಿ ಮತ್ತೆ ಕೆಲಸ ಮಾಡುತ್ತದೆ. ಆ ಕೆಲಸವನ್ನು ಪ್ರತ್ಯೇಕ ಪ್ರೊಸೆಸ್‌ಗೆ ಒಪ್ಪಿಸುವುದು ಇನ್ನೂ ಜಾಣತನ.

ನಿಧಾನವಾದರೆ ಕಣ್ಣಿಗಾದರೂ ಕಾಣುತ್ತದೆ. ಕಾಣದ ತೊಂದರೆ ಬೇರೆ. ಕೊನೆಯ ಹುಡುಕಾಟದಲ್ಲಿ ಪದ ಎಲ್ಲಿ ಸಿಕ್ಕಿತು ಎಂಬುದನ್ನು ಇಮ್ಯಾಕ್ಸ್ ಒಂದೇ ಸಾರ್ವತ್ರಿಕ ಜಾಗದಲ್ಲಿ ಗುರುತಿಟ್ಟುಕೊಳ್ಳುತ್ತದೆ. ಒಂದು ಕಮಾಂಡ್ ಪದ ಹುಡುಕಿ, "ಬದಲಿಸಲೇ?" ಎಂದು ಕೇಳಿ ಕಾಯುತ್ತಿದೆ ಎನ್ನಿ. ಅಷ್ಟರಲ್ಲಿ ಟೈಮರ್ ಎದ್ದು ತನ್ನದೇ ಹುಡುಕಾಟ ನಡೆಸಿದರೆ ಆ ಗುರುತು ಅಳಿದು, ಬದಲಾವಣೆ ಇನ್ನೆಲ್ಲೋ ಬೀಳಬಹುದು. ಮನೆಯವರು ಓದುತ್ತಿದ್ದ ಪುಸ್ತಕದ ಪುಟಗುರುತನ್ನು ನೆಂಟರು ಕಿತ್ತಿಟ್ಟಂತೆ. ಟೈಮರ್‌ನ ಹುಡುಕಾಟವನ್ನು 'ಸೇವ್-ಮ್ಯಾಚ್-ಡೇಟಾ' ಒಳಗಿಟ್ಟರೆ ಈ ಅನಾಹುತ ತಪ್ಪುತ್ತದೆ. ಬಳಕೆದಾರರ ಪಠ್ಯವನ್ನೇ ಟೈಮರ್ ತಿದ್ದುವುದಂತೂ ಬೇಡ. ತಿದ್ದಲೇಬೇಕಾದರೆ ಮೊದಲೂ ಆಮೇಲೂ 'ಅನ್‌ಡೂ' ಗಡಿ ಹಾಕಬೇಕು.

ವಿಮ್ ಎಡಿಟರ್‌ಗೆ ಟೈಮರ್ ಬಂದದ್ದು 2016ರ 8.0 ಆವೃತ್ತಿಯಲ್ಲಿ. ಅಲ್ಲೊಂದು ಒಳ್ಳೆಯ ಕಾವಲಿದೆ: ಪುನರಾವರ್ತಿಸುವ ಟೈಮರ್ ಸತತ ಮೂರು ಸಲ ದೋಷಕ್ಕೀಡಾದರೆ ಅದರ ಓಟ ರದ್ದಾಗುತ್ತದೆ. ಇಮ್ಯಾಕ್ಸ್‌ಗೆ ಅಂಥ ಕಾವಲಿಲ್ಲ. ದೋಷದ ಸಂದೇಶ ತೋರಿಸಿ, ಮುಂದಿನ ಸರದಿಗೆ ಮತ್ತೆ ಅದನ್ನೇ ಓಡಿಸುತ್ತದೆ.

ಸಾಮಾನ್ಯವಾಗಿ ಕಾಣುವ ಇನ್ನೊಂದು ತಪ್ಪು ಸಂರಚನಾ ಕಡತದ್ದು. ಅದನ್ನು ಮರುಲೋಡ್ ಮಾಡಿದಾಗಲೆಲ್ಲ ಹೊಸ ಟೈಮರ್ ಹುಟ್ಟುತ್ತದೆ, ಹಳೆಯದೂ ಉಳಿದಿರುತ್ತದೆ. ಟೈಮರನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಹೊಸದನ್ನು ಆರಂಭಿಸುವ ಮೊದಲು ಹಳೆಯದನ್ನು ರದ್ದು ಮಾಡಿ. ಎಡಿಟರ್ ಕಾರಣವಿಲ್ಲದೆ ತಡವರಿಸತೊಡಗಿದರೆ 'ಲಿಸ್ಟ್-ಟೈಮರ್ಸ್' ಕಮಾಂಡ್ ಕೊಟ್ಟು ನೋಡಿ. ಅನುಮಾನ ಬಂದ ಸಾಲಿನ ಮೇಲೆ 'ಸಿ' ಒತ್ತಿದರೆ ಆ ಟೈಮರ್ ರದ್ದಾಗುತ್ತದೆ.