ಏಳಕ್ಕೆ ಒಲೆ ಹಚ್ಚಿ, ಎಂಟಕ್ಕೆ ಕಡಂಬುಟ್ಟು: ಕೊಡಗಿನ ಊಟ ವಾರದ ಮಧ್ಯೆ ಮಾಡೋದು ಹೇಗೆ?

ಇವತ್ತಿನ ವಿಷಯ ಊಟ. ಹಬ್ಬದ ಊಟ ಅಲ್ಲ, ರೆಸಾರ್ಟ್ ಊಟನೂ ಅಲ್ಲ. ಮಂಗಳವಾರನೋ ಬುಧವಾರನೋ ಕೆಲಸ ಮುಗಿಸಿ ಮನೆ ಸೇರೋ ಹೊತ್ತಿಗೆ ಏಳು ಗಂಟೆ ಆಗಿರುತ್ತಲ್ಲ, ಆಗ ಮಾಡೋ ಅಡುಗೆ. ಮನೇಲಿ ನಾಲ್ಕು ಜನ, ಎಲ್ಲರಿಗೂ ಹಸಿವು. ಅನ್ನ ಸಾರು ಮಾಡಿದ್ರೆ ತಪ್ಪೇನಿಲ್ಲ. ಆದರೆ ತಟ್ಟೆ ಮುಂದೆ ಕೂತವರಿಗೆ "ಓಹೋ, ಇವತ್ತೇನು ವಿಶೇಷ?" ಅನ್ನಿಸಬೇಕು, ಮಾಡಿದವರಿಗೆ ಸೊಂಟ ಬಿದ್ದುಹೋಗಬಾರದು. ಹಾಗೊಂದು ಅಡುಗೆ ಇದೆಯಾ?

ಇದೆ. ಅದೂ ಯಾರೂ ಸುಲಭ ಅಂದುಕೊಳ್ಳದ ಜಾಗದಲ್ಲಿ. ಕೊಡಗಿನ ಊಟ ಅಂದ ತಕ್ಷಣ ಹೊರಗಿನವರಿಗೆ ನೆನಪಾಗೋದು ಪಂದಿ ಕರಿ ಮತ್ತು ಕಡಂಬುಟ್ಟು. ಅಂದ್ರೆ ಹಂದಿ ಮಾಂಸದ ಕಪ್ಪು ಸಾರು, ಜೊತೆಗೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ಊಟ ಅದು, ಮದುವೆ ಮನೆ ಊಟ ಅದು. ಹಾಗಾಗಿ ಬೆಂಗಳೂರಲ್ಲೋ ಮೈಸೂರಲ್ಲೋ ಇರೋ ಕೊಡಗಿನ ಹುಡುಗ ಹುಡುಗಿಯರು ಕೂಡ "ಊರಿಗೆ ಹೋದಾಗ ತಿಂದರಾಯ್ತು" ಅಂತ ಬಿಟ್ಟುಬಿಡ್ತಾರೆ.

ಈ ಊಟದಲ್ಲಿ ಕಷ್ಟದ ಕೆಲಸ ಇಲ್ಲ ಅಂತ ಹೇಳ್ತಿಲ್ಲ, ಬೇಕಾದಷ್ಟಿದೆ. ಆದರೆ ಅದರಲ್ಲಿ ಹೆಚ್ಚಿನದು ಊಟದ ದಿನ ನಡೆಯೋದೇ ಇಲ್ಲ. ತಿಂಗಳುಗಳ ಹಿಂದೆಯೇ ನಡೆದು ಬಾಟಲಿ, ಡಬ್ಬಿ ಸೇರಿಬಿಟ್ಟಿರುತ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಮಳೆ ಸುರಿಯೋ ಜಾಗ, ದೂರ ದೂರ ಇರೋ ತೋಟದ ಮನೆಗಳು. ಬೇಕು ಅಂದಾಗ ಅಂಗಡಿಗೆ ಓಡೋಕೆ ಆಗಲ್ಲ. ಅಂಥ ಕಡೆ ಅಡುಗೆಮನೆ ಅಂದ್ರೆ ಅರ್ಧ ಉಗ್ರಾಣ. ಆ ಉಗ್ರಾಣದಿಂದ ನಮಗೆ ಬೇಕಾದ್ದು ಮೂರೇ ವಸ್ತು: ಕಾಚಂಪುಳಿ, ಕಪ್ಪಗೆ ಹುರಿದ ಮಸಾಲೆ ಪುಡಿ, ಅಕ್ಕಿ ತರಿ.

ಮೊದಲು ಕಾಚಂಪುಳಿ. ಕೇಳದೇ ಇರೋರಿಗೆ ಹೇಳಬೇಕಂದ್ರೆ, ಇದು ಕೊಡಗಿನ ಕಪ್ಪು ಹುಳಿ. ಮಲೆನಾಡು, ಉತ್ತರ ಕನ್ನಡದ ಕಡೆ ಉಪ್ಪಾಗೆ ಅಂತಾರಲ್ಲ, ಕೇರಳದಲ್ಲಿ ಮೀನು ಸಾರಿಗೆ ಹಾಕೋ ಕೊಡಂಪುಳಿ, ಅದೇ ಹಣ್ಣು. ವೈಜ್ಞಾನಿಕ ಹೆಸರು ಗಾರ್ಸೀನಿಯಾ ಗಮ್ಮಿ-ಗುಟ್ಟಾ. ಕರಾವಳಿಯ ಕೆಂಪು ಪುನರ್ಪುಳಿ ಇದರ ದಾಯಾದಿ, ಇದೇ ಅಲ್ಲ. ಕೇರಳದವರು ಹಣ್ಣಿನ ಸಿಪ್ಪೆಯನ್ನ ಒಣಗಿಸಿ, ಹೊಗೆ ಕೊಟ್ಟು ಇಟ್ಟುಕೊಳ್ತಾರೆ. ಕೊಡಗಿನವರು ರಸ ತೆಗೀತಾರೆ. ಮಳೆಗಾಲದಲ್ಲಿ ಮರದ ಕೆಳಗೆ ಉದುರಿದ ಹಣ್ಣನ್ನ ಆರಿಸಿ ತಂದು ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗೆ ಪಾತ್ರೆ ಇಡ್ತಾರೆ. ಹಣ್ಣು ಕೊಳೀತಾ ಕೊಳೀತಾ ರಸ ತೊಟ್ಟಿಕ್ಕುತ್ತೆ. ದಿನಗಟ್ಟಲೆ ಕೂಡಿಟ್ಟ ಆ ರಸವನ್ನ ಒಲೆ ಮೇಲೆ ಗಂಟೆಗಟ್ಟಲೆ ಕುದಿಸಿದ್ರೆ ನೀರೆಲ್ಲ ಆರಿ, ಬೆಲ್ಲದ ಪಾಕದ ಥರ ಕಪ್ಪಗೆ ಗಟ್ಟಿಯಾಗುತ್ತೆ. ಬುಟ್ಟಿ ತುಂಬಾ ಹಣ್ಣು ಹಾಕಿದ್ರೂ ಕೊನೆಗೆ ಸಿಗೋದು ಸ್ವಲ್ಪ. ಆದರೆ ಹಾಗೆ ಕುದಿಸಿಟ್ಟದ್ದು ಫ್ರಿಜ್ ಇಲ್ಲದೆ ವರ್ಷಗಟ್ಟಲೆ ಇರುತ್ತೆ. ಅರ್ಧ ಕೆಜಿ ಮಾಂಸಕ್ಕೆ ಬೇಕಾಗೋದು 2 ಟೀ ಚಮಚ.

ಈಗ ಯೋಚನೆ ಮಾಡಿ. ನಿಮ್ಮ ಬುಧವಾರದ ಊಟಕ್ಕೆ ಬಣ್ಣ, ಹುಳಿ, "ಇದು ಹೇಗೆ ಮಾಡಿದ್ರಿ" ಅಂತ ಕೇಳಿಸೋ ಆ ಗಾಢ ರುಚಿ, ಎಲ್ಲ ಬರೋದು ಆ 2 ಚಮಚದಿಂದ. ನೀವು ಮಾಡೋ ಕೆಲಸ ಮುಚ್ಚಳ ತೆಗೆಯೋದು ಅಷ್ಟೇ. ಶ್ರಮ ಮಾಯವಾಗಿಲ್ಲ, ಜುಲೈ ತಿಂಗಳ ಮಳೇಲಿ ಯಾರೋ ಅದನ್ನ ಮುಗಿಸಿಕೊಟ್ಟಿದ್ದಾರೆ. ಹೆಚ್ಚಿನ ಮನೆಗಳಲ್ಲಿ ಆ "ಯಾರೋ" ಅಂದ್ರೆ ಅಮ್ಮ, ಅಜ್ಜಿ, ಇಲ್ಲಾ ತೋಟದಲ್ಲಿ ಹಣ್ಣು ಆರಿಸೋ ಹೆಂಗಸರು. "ಲೋ ಎಫರ್ಟ್" ಅನ್ನೋ ಮಾತು ಬಂದಾಗೆಲ್ಲ, ಯಾರ ಎಫರ್ಟ್ ಅಂತ ಒಂದು ಸಲ ಕೇಳಿಕೊಳ್ಳೋದು ಒಳ್ಳೇದು. ಊರಿಂದ ಬಂದ ಆ ಸಣ್ಣ ಬಾಟಲಿ ಬ್ಯಾಗಿನ ಮೂಲೆಯಲ್ಲಿ ಸೋರಿಹೋಗದ ಹಾಗೆ ನೋಡಿಕೊಳ್ಳೋಕೂ ಇದೇ ಕಾರಣ.

ಕೊಳ್ಳೋದಾದ್ರೆ? ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಅಂಗಡಿಗಳಲ್ಲಿ ಸಿಗುತ್ತೆ, ಆನ್‌ಲೈನ್‌ನಲ್ಲೂ ಸಿಗುತ್ತೆ. ಚೆನ್ನಾಗಿ ಕುದಿಸಿದ್ದು ಚಮಚಕ್ಕೆ ಅಂಟಿಕೊಳ್ಳುತ್ತೆ. ನೀರು ನೀರಾಗಿದ್ರೆ ಹುಳಿ ಕಡಿಮೆ, ಹೆಚ್ಚು ಹಾಕಬೇಕಾಗುತ್ತೆ. ಬದಲಿಗೆ ವಿನೆಗರ್ ಹಾಕಬಹುದಾ ಅಂತ ಬಹಳ ಜನ ಕೇಳ್ತಾರೆ. ಹಾಕಬಹುದು, ಊಟ ಕೆಡಲ್ಲ, ಆದರೆ ಅದು ಬೇರೆ ಸಾರು. ಗಟ್ಟಿ ಹುಣಸೆ ರಸ ಕುದಿಸಿ ಹಾಕಿದ್ರೆ ಸ್ವಲ್ಪ ಹತ್ತಿರ ಬರುತ್ತೆ.

ಎರಡನೇದು ಮಸಾಲೆ ಪುಡಿ. ಇದನ್ನ ಭಾನುವಾರ 20 ನಿಮಿಷ ಕೊಟ್ಟು ನೀವೇ ಮಾಡಿಕೊಳ್ಳಿ. ಕೊತ್ತಂಬರಿ ಬೀಜ 4 ದೊಡ್ಡ ಚಮಚ, ಜೀರಿಗೆ 2, ಕರಿಮೆಣಸು 2, ಸಾಸಿವೆ 1 ಟೀ ಚಮಚ, ಮೆಂತ್ಯ ಅರ್ಧ ಟೀ ಚಮಚ. ಎಣ್ಣೆ ಹಾಕದೆ, ಒಂದೊಂದನ್ನೂ ಬೇರೆ ಬೇರೆಯಾಗಿ ಹುರೀಬೇಕು. ಇಲ್ಲಿ ಎಲ್ಲರೂ ಹೆದರಿಕೊಂಡು ಬೇಗ ಇಳಿಸಿಬಿಡ್ತಾರೆ. ಸಾಂಬಾರ್ ಪುಡಿಗೆ ಹುರಿಯೋ ಹದ ದಾಟಿ ಮುಂದೆ ಹೋಗಬೇಕು, ಕೊತ್ತಂಬರಿ ಕಾಫಿ ಬೀಜದ ಬಣ್ಣಕ್ಕೆ ಬರಬೇಕು. ಮೆಂತ್ಯ ಮಾತ್ರ ಜೋಪಾನ, ಅದು ಸೀದರೆ ಇಡೀ ಡಬ್ಬಿ ಕಹಿ. ಆರಿದ ಮೇಲೆ ಪುಡಿ ಮಾಡಿ ಗಾಜಿನ ಬಾಟಲಿಗೆ ಹಾಕಿ. ಎರಡು ತಿಂಗಳು ಆರಾಮಾಗಿ ಇರುತ್ತೆ. ಇನ್ನೊಂದು ಲಾಭ ಇದೆ: ಮಳೆಗಾಲದಲ್ಲಿ ಕರೆಂಟು ಹೋದ್ರೆ ಮಿಕ್ಸಿ ತಿರುಗಲ್ಲ, ಆದರೆ ಬಾಟಲಿ ಮುಚ್ಚಳ ತೆಗೆಯೋಕೆ ಕರೆಂಟು ಬೇಕಾಗಿಲ್ಲ.

ಮೂರನೇದು ತರಿ. ಕೊಡಗಿನ "ಪುಟ್ಟು"ಗಳ ತಳಪಾಯ ಇದು. ಹಸಿ ಅಕ್ಕಿಯನ್ನ ರವೆ ಹಾಗೆ ಒಡೆಸಿದ್ದು. ಪೇಟೆಯಲ್ಲಿ ಸಿಗೋ ಇಡ್ಲಿ ರವೆ ಬೇರೆ, ಅದು ಕುಸುಬಲಕ್ಕಿಯದ್ದು. ಅದರಲ್ಲಿ ಉಂಡೆ ಕಟ್ಟಿದ್ರೆ ಆ ಮೆತ್ತನೆ ಬಿಗಿ ಬರಲ್ಲ. "ಅಕ್ಕಿ ತರಿ" ಅಥವಾ "ಅಕ್ಕಿ ರವೆ" ಅಂತ ಕೇಳಿ ತಗೊಳ್ಳಿ. ಸಿಗಲಿಲ್ಲ ಅಂದ್ರೆ ಅಕ್ಕಿ ತೊಳೆದು, ಬಟ್ಟೆ ಮೇಲೆ ಹರಡಿ ಒಣಗಿಸಿ, ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಜರಡಿ ಹಿಡಿದು ಹಿಟ್ಟನ್ನ ಬೇರೆ ಮಾಡಿ.

ಈಗ ಸಂಜೆ ಏಳು ಗಂಟೆ. ಗಡಿಯಾರ ನೋಡ್ಕೊಂಡೇ ಹೋಗೋಣ.

ಕುಕ್ಕರ್ ಮೊದಲು. ಅರ್ಧ ಕೆಜಿ ಹಂದಿ ಮಾಂಸ, ಸ್ವಲ್ಪ ನೆಣ ಇರೋ ತುಂಡುಗಳು. ಎರಡು ಈರುಳ್ಳಿ, ನಾಲ್ಕು ಹಸಿಮೆಣಸು, ಶುಂಠಿ ಬೆಳ್ಳುಳ್ಳಿ ಜಜ್ಜಿದ್ದು, ಕರಿಬೇವು, ಅರಿಶಿನ, ಉಪ್ಪು, ಅರ್ಧ ಲೋಟ ನೀರು. ಎಲ್ಲ ಒಟ್ಟಿಗೆ ಹಾಕಿ ಮುಚ್ಚಿ. ಒಗ್ಗರಣೆ ಬೇಡ, ಎಣ್ಣೆ ಬೇಡ, ನೆಣ ಕರಗಿ ತಾನೇ ಎಣ್ಣೆ ಬಿಡುತ್ತೆ. ಮಧ್ಯಮ ಉರಿಯಲ್ಲಿ ನಾಲ್ಕೈದು ವಿಸಿಲ್. ಸೌದೆ ಒಲೆ ಮೇಲೆ ನಿಧಾನಕ್ಕೆ ಬೇಯಿಸಿದ ರುಚಿ ಬೇರೆಯೇ, ಒಪ್ಪಿಕೊಳ್ಳೋಣ. ಆದರೆ ಬುಧವಾರಕ್ಕೆ ಕುಕ್ಕರ್ ಸಾಕು.

ಪಕ್ಕದ ಒಲೇಲಿ 2 ಲೋಟ ನೀರು ಕುದಿಯೋಕೆ ಇಡಿ. ಉಪ್ಪು, ಒಂದು ಚಮಚ ತುಪ್ಪ, ಬೇಕಾದ್ರೆ ಒಂದು ಏಲಕ್ಕಿ ಜಜ್ಜಿ ಹಾಕಿ. ಕುದಿ ಬಂದಾಗ 1 ಲೋಟ ತರಿಯನ್ನ ಕೈಯಾಡಿಸ್ತಾ ಸುರೀರಿ. ಉಪ್ಪಿಟ್ಟು ಮಾಡೋಕೆ ಬರುತ್ತೆ ಅಂದ್ರೆ ಇದೂ ಬರುತ್ತೆ. ನೀರು ಹೀರಿಕೊಂಡು ಗಟ್ಟಿಯಾದ ಮೇಲೆ ಒಲೆ ಆರಿಸಿ, ಮುಚ್ಚಿ, ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷ ಬಹಳ ಮುಖ್ಯ, ತರಿ ಒಳಗೆ ಬೇಯೋದು ಆಗಲೇ. ಅವಸರ ಮಾಡಿದ್ರೆ ಕೈಯೂ ಸುಡುತ್ತೆ, ಉಂಡೆಯೂ ಒಡೆಯುತ್ತೆ.

ಏಳೂವರೆಗೆ ಉಂಡೆ ಕಟ್ಟೋದು. ಕೈಗೆ ನೀರು ಹಚ್ಚಿಕೊಂಡು, ದೊಡ್ಡ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ. ಇದನ್ನ ಅಡುಗೆ ಮಾಡೋರು ಒಬ್ಬರೇ ಮಾಡಬೇಕಾಗಿಲ್ಲ, ಮಾಡಲೂಬಾರದು. ಫೋನ್ ಹಿಡಿದು ಕೂತಿರೋ ತಮ್ಮನನ್ನ ಕರೀರಿ, ಅಪ್ಪನನ್ನ ಕರೀರಿ. ಮೂರು ಜನ ಕೂತರೆ ಐದು ನಿಮಿಷದಲ್ಲಿ ಹದಿನೈದು ಉಂಡೆ ಆಗುತ್ತೆ. ಒಂದೊಂದು ಒಂದೊಂದು ಆಕಾರ ಇದ್ರೆ ಯಾರೂ ಬೈಯಲ್ಲ. ಇಡ್ಲಿ ಪಾತ್ರೆಯಲ್ಲಿಟ್ಟು ಹದಿನೈದು ನಿಮಿಷ ಹಬೆ.

ಅಷ್ಟರಲ್ಲಿ ಕುಕ್ಕರ್ ಇಳಿದಿರುತ್ತೆ. ಮುಚ್ಚಳ ತೆಗೆದು ಮಸಾಲೆ ಪುಡಿ 2 ದೊಡ್ಡ ಚಮಚ ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ. ನೀರು ಕಡಿಮೆಯಾಗಿ ಮಸಾಲೆ ಮಾಂಸಕ್ಕೆ ಹಿಡ್ಕೊಳ್ಳುತ್ತೆ. ಕಾಚಂಪುಳಿ ಕೊನೆಗೆ. ಮೊದಲು 1 ಟೀ ಚಮಚ ಹಾಕಿ, ಕಲಸಿ, ರುಚಿ ನೋಡಿ, ಆಮೇಲೆ ಇನ್ನೊಂದು. ಉಪ್ಪು ಕಡಿಮೆ ಆದ್ರೆ ಸೇರಿಸಬಹುದು, ಹುಳಿ ಜಾಸ್ತಿ ಆದ್ರೆ ತೆಗೆಯೋಕೆ ಆಗಲ್ಲ. ಐದು ನಿಮಿಷ ಕುದಿಸಿ ಇಳಿಸಿ. ಕಂದು ಇದ್ದದ್ದು ಕಣ್ಣೆದುರೇ ಕಪ್ಪಾಗುತ್ತೆ. ಎಂಟು ಗಂಟೆ ಆಸುಪಾಸಿಗೆ ತಟ್ಟೆ ಹಾಕಬಹುದು.

ಹಂದಿ ಮಾಂಸ ತಿನ್ನಲ್ಲ ಅನ್ನೋರು ಇಲ್ಲಿಗೆ ನಿಲ್ಲಿಸಬೇಡಿ. ಕೊಡಗಿನಲ್ಲೇ ಅಂಥ ಮನೆಗಳು ಬೇಕಾದಷ್ಟಿವೆ. ಮಾಪಿಳ್ಳೆಗಳು ಹಂದಿ ಮುಟ್ಟಲ್ಲ, ಅಮ್ಮ ಕೊಡವರು ಸಸ್ಯಾಹಾರಿಗಳು. ಮಳೆಗಾಲದಲ್ಲಿ ಕಾಡಲ್ಲಿ, ತೋಟದಲ್ಲಿ ಏಳೋ ಅಣಬೆಯಿಂದ ಮಾಡೋ ಕುಮ್ಮು ಕರಿ ಇದೆಯಲ್ಲ, ಅದನ್ನ ಪೇಟೆಯ ಬಟನ್ ಅಣಬೆಯಲ್ಲೋ ಚಿಪ್ಪು ಅಣಬೆಯಲ್ಲೋ ಮಾಡಿದ್ರೆ ಕುಕ್ಕರ್ ಕೂಡ ಬೇಡ, 20 ನಿಮಿಷದ ಕೆಲಸ. ಈರುಳ್ಳಿ ಬಾಡಿಸಿ, ಅಣಬೆ ಹಾಕಿ, ಅದು ಬಿಟ್ಟ ನೀರು ಆರೋ ತನಕ ಬಿಟ್ಟು, ಅದೇ ಪುಡಿ 1 ಚಮಚ, ಅದೇ ಹುಳಿ ಅರ್ಧ ಟೀ ಚಮಚ. ಒಂದು ಎಚ್ಚರಿಕೆ: ಗುರುತು ಗೊತ್ತಿರೋ ಹಿರಿಯರು ಜೊತೆಗಿಲ್ಲದಿದ್ರೆ ಕಾಡಿನ ಅಣಬೆ ಕಿತ್ತು ತಂದು ಪ್ರಯೋಗ ಮಾಡಬೇಡಿ. ಬೈಂಬಳೆ, ಅಂದ್ರೆ ಕಳಲೆ, ಕೂಡ ವಾರದ ಮಧ್ಯದ ಅಡುಗೆ ಅಲ್ಲ. ಅದನ್ನ ಕೊಚ್ಚಿ, ದಿನಗಟ್ಟಲೆ ನೀರಲ್ಲಿ ನೆನೆಸಿ, ನೀರು ಬದಲಿಸಿ ವಿಷದ ಅಂಶ ಹೋಗಿಸಬೇಕು.

ಕೋಳಿ ಇದ್ರೆ ಇನ್ನೂ ಬೇಗ. ಕೋಳಿ ಬರ್ತದ್ ಅಂದ್ರೆ ಒಣ ಹುರುಕಲು: ಅರಿಶಿನ, ಖಾರದ ಪುಡಿ, ಉಪ್ಪು ಹಚ್ಚಿದ ತುಂಡು, ಈರುಳ್ಳಿ, ಕೊನೆಗೆ ಧಾರಾಳವಾಗಿ ಕುಟ್ಟಿದ ಮೆಣಸು. ಇದಕ್ಕೆ ಕಾಚಂಪುಳಿ ಇಲ್ಲದಿದ್ರೂ ನಿಂಬೆಹಣ್ಣು ಹಿಂಡಿದ್ರೆ ನಡೆಯುತ್ತೆ.

ಜೊತೆಗೆ ಉಂಡೆ ಕಟ್ಟೋಕೂ ಬೇಜಾರು ಅನ್ನೋ ದಿನಕ್ಕೆ ಪಾಪುಟ್ಟು ಇದೆ. ನನ್ನ ಪ್ರಕಾರ ಕೊಡಗಿನ ಅಡುಗೆಯಲ್ಲಿ ಅತಿ ಕಡಿಮೆ ಹೊಗಳಿಸಿಕೊಂಡಿರೋದು ಇದೇ. 1 ಲೋಟ ತರಿ, 1 ಲೋಟ ಹಾಲು, 1 ಲೋಟ ನೀರು, ಅರ್ಧ ಲೋಟ ತೆಂಗಿನ ತುರಿ, ಉಪ್ಪು, ಚಿಟಿಕೆ ಸಕ್ಕರೆ. ಕಲಸಿ ಹತ್ತು ನಿಮಿಷ ನೆನೆಸಿ, ಅಂಚಿರೋ ತಟ್ಟೆಗೆ ಸುರಿದು 20 ನಿಮಿಷ ಹಬೆಯಲ್ಲಿ ಬೇಯಿಸಿ. ತರಿ ತಳಕ್ಕೆ ಕೂತಿರುತ್ತೆ, ತಟ್ಟೆಗೆ ಹಾಕೋ ಮುಂಚೆ ಒಮ್ಮೆ ಕಲಕಿ. ಬೆಳ್ಳಗೆ, ಕೇಕ್ ಥರ ಕತ್ತರಿಸಿ ಕೊಟ್ರೆ ನೆಂಟರು ಫೋಟೋ ತೆಗೀತಾರೆ. ನೀವು ಮಾಡಿದ್ದು ಕಲಸಿದ್ದು ಮಾತ್ರ! ನೂಲ್‌ಪುಟ್ಟು ಮಾತ್ರ ವಾರದ ಮಧ್ಯೆ ಬೇಡ, ಒರಳಲ್ಲಿ ಒತ್ತೋಕೆ ತೋಳಲ್ಲಿ ಬಲ ಬೇಕು, ಭಾನುವಾರಕ್ಕೆ ಇಟ್ಕೊಳ್ಳಿ. ಮಧ್ಯಾಹ್ನದ ಅನ್ನ ಮಿಕ್ಕಿದ್ರೆ ಅದಕ್ಕೆ ಅಕ್ಕಿ ಹಿಟ್ಟು ಸೇರಿಸಿ ನಾದಿ ಅಕ್ಕಿ ಒಟ್ಟಿ ತಟ್ಟಿ. ಕಾವಲಿ ಮೇಲೆ ಎರಡೂ ಬದಿ ಕಾಯಿಸಿ ಬೆಂಕಿಗೆ ಹಿಡಿದ್ರೆ ಉಬ್ಬಿ ಬರುತ್ತೆ.

ಇನ್ನೂ ಕಡಿಮೆ ಕೆಲಸ ಬೇಕಾ? ಪಂದಿ ಕರಿ ಭಾನುವಾರವೇ ಮಾಡಿ ಫ್ರಿಜ್‌ನಲ್ಲಿಡಿ. ಮಸಾಲೆ, ಹುಳಿ ಒಳಗೆ ಇಳಿದು ಮರುದಿನ ರುಚಿ ಹೆಚ್ಚುತ್ತೆ ಅನ್ನೋದು ಕೊಡಗಿನ ಮನೆಮನೆಯ ಮಾತು. ಮಂಗಳವಾರ ಹೊರಗೆ ತೆಗೆದು ಚೆನ್ನಾಗಿ ಕುದಿ ಬರಿಸಿ, ತರಿ ಮಾತ್ರ ಹೊಸದಾಗಿ ಬೇಯಿಸಿ. ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ. ಕರೆಂಟು ಇಡೀ ದಿನ ಹೋಗೋ ಕಡೆ ಇದ್ರೆ ಆ ಲೆಕ್ಕವೂ ಇಲ್ಲ, ಅವತ್ತಿನದು ಅವತ್ತೇ ಮುಗಿಸಿ.

ಕಡಂಬುಟ್ಟು ನಾಲ್ಕೈದು ಮಿಕ್ಕಿದ್ರೆ ಬೆಳಿಗ್ಗೆ ಹೋಳು ಮಾಡಿ ತುಪ್ಪದಲ್ಲಿ ಕೆಂಪಗೆ ಹುರೀರಿ, ಮೇಲೆ ಜೇನು ಸುರೀರಿ, ಪಕ್ಕದಲ್ಲಿ ಒಂದು ಲೋಟ ಕಾಫಿ ಇರಲಿ. ಮುಂದಿನ ವಾರ ಸಿಗೋಣ.