ಬ್ರೇಕ್ ಪ್ಯಾಡ್ ಒಂದೇ ಕಡೆ ಸವೆದರೆ ಟ್ರಾಫಿಕ್ ಮೇಲೆ ತಪ್ಪು ಹೊರಿಸಬೇಡಿ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಾ ಇದ್ದೀನಿ. ಲೋಕಲ್ ಟ್ರೈನ್‌ನಲ್ಲಿ ನಿಂತ್ಕೊಂಡು ಓದೋರಿಗೆ ಅನುಕೂಲ ಆಗಲಿ ಅಂತ.

ದೀಪಾವಳಿ ಮುಗಿಸಿ ಧಾರವಾಡದಿಂದ ವಾಪಸ್ ಬರ್ತಿದ್ದೆ. ಹಿಂದಿನ ಸೀಟಿನಲ್ಲಿ ಅಮ್ಮ, ಮಗಳು. ಖಂಡಾಳಾ ಘಾಟ್ ಇಳಿಯುವಾಗ ಬ್ರೇಕ್ ಒತ್ತಿದರೆ ಮುಂದಿನ ಎಡಗಾಲಿಯಿಂದ ಕಬ್ಬಿಣ ಉಜ್ಜಿದ ಹಾಗೆ ಕರ್ರ್ ಅನ್ನೋ ಸದ್ದು, ಜೊತೆಗೆ ಗಾಡಿ ಬಲಕ್ಕೆ ಎಳೆಯೋದು. ಪಕ್ಕದಲ್ಲೇ ಕಂಟೇನರ್ ಲಾರಿಗಳು. ಎರಡನೇ ಗೇರ್‌ಗೆ ಹಾಕಿ, ಹಜಾರ್ಡ್ ಲೈಟ್ ಹಚ್ಚಿ ಹೇಗೋ ಇಳಿದೆ. ಅಮ್ಮ ಪೂರ್ತಿ ಘಾಟ್ ಮುಗಿಯೋವರೆಗೂ ಒಂದು ಮಾತೂ ಆಡಲಿಲ್ಲ. ನಮ್ಮ ಮನೇಲಿ ಅದು ಬಹಳ ದೊಡ್ಡ ವಿಷಯ!

ಆ ಪ್ಯಾಡ್‌ಗಳಿಗೆ ಆಗ ಬರೀ 11 ಸಾವಿರ ಕಿ.ಮೀ. ಆಗಿತ್ತು. ಕಂಪನಿಯಿಂದ ಬಂದ ಮೊದಲ ಸೆಟ್ 42 ಸಾವಿರ ಬಾಳಿಕೆ ಬಂದಿತ್ತು. ಪ್ಯಾಡ್ ಹಾಕಿದ ಗ್ಯಾರೇಜಿನಲ್ಲಿ ಕೇಳಿದರೆ ಉತ್ತರ ರೆಡಿ ಇತ್ತು: "ಸರ್, ಮುಂಬೈ ಟ್ರಾಫಿಕ್." ಘೋಡ್‌ಬಂದರ್ ರಸ್ತೆಯಿಂದ ಪೊವಾಯಿಗೆ ದಿನಾ ಓಡಾಡೋ ನನಗೆ ಅದು ನಿಜ ಅನ್ನಿಸಿಬಿಟ್ಟಿತು. ಮನೆಗೆ ಬಂದು ಕೂತು ಯೋಚಿಸಿದಾಗ ಲೆಕ್ಕ ತಾಳೆಯಾಗಲಿಲ್ಲ.

ಬ್ರೇಕ್ ಕರಗಿಸುವ ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಅಂದ್ರೆ 80ರಿಂದ ಒಮ್ಮೆ ನಿಲ್ಲಿಸೋದು, 20ರಿಂದ 16 ಸಲ ನಿಲ್ಲಿಸೋದಕ್ಕೆ ಸಮ. ಜೆವಿಎಲ್‌ಆರ್‌ನಲ್ಲಿ ನಾವು ತೆವಳೋ ವೇಗಕ್ಕೆ ಪ್ಯಾಡ್ ನಾವಂದುಕೊಂಡಷ್ಟು ಸವೆಯಲ್ಲ. ಅದಕ್ಕಿಂತ ಮುಖ್ಯವಾದದ್ದು, ಟ್ರಾಫಿಕ್ ಎಲ್ಲ ಪ್ಯಾಡನ್ನೂ ಒಂದೇ ಥರ ಸವೆಸುತ್ತೆ. ಲೋಡ್ ಜಾಸ್ತಿಯಾದರೆ ಲೋಡ್ ಬ್ಯಾಲೆನ್ಸರ್ ಹಿಂದಿರುವ ಎಲ್ಲ ಸರ್ವರ್‌ಗಳೂ ಬಿಸಿಯಾಗಬೇಕು. ಒಂದೇ ಸರ್ವರ್ ಉರೀತಾ ಇದ್ದು ಉಳಿದವು ತಣ್ಣಗಿದ್ದರೆ ನಾವು ಆ ಸರ್ವರ್ ನೋಡ್ತೀವೇ ಹೊರತು ಯೂಸರ್‌ಗಳನ್ನು ಬೈಯಲ್ಲ, ಅಲ್ವಾ?

ಕುರ್ಲಾದ ಒಬ್ಬ ಹಿರಿಯ ಮೆಕ್ಯಾನಿಕ್ ನಾಲ್ಕೂ ಪ್ಯಾಡ್ ಬಿಚ್ಚಿ ಸಾಲಾಗಿ ನೆಲದ ಮೇಲೆ ಇಟ್ಟರು. ಬಲಗಾಲಿಯ ಎರಡೂ ಸುಮಾರು 8 ಮಿ.ಮೀ. ಎಡಗಾಲಿಯ ಹೊರಗಿನದು 9. ಒಳಗಿನದರಲ್ಲಿ ಬರೀ ಉಕ್ಕಿನ ತಗಡು.

ನಮ್ಮಲ್ಲಿ ಹೆಚ್ಚಿನ ಕಾರುಗಳ ಮುಂದಿನ ಬ್ರೇಕ್ ಫ್ಲೋಟಿಂಗ್ ಕ್ಯಾಲಿಪರ್. ಪಿಸ್ಟನ್ ಇರೋದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತೆ. ಆ ಒತ್ತಡದ ಪ್ರತಿಕ್ರಿಯೆಗೆ ಇಡೀ ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳ್ಕೊಂಡು ಬರುತ್ತೆ. ಪಿನ್ ತುಕ್ಕು ಹಿಡಿದು ಕಚ್ಚಿಕೊಂಡರೆ ಕ್ಯಾಲಿಪರ್ ಜಾರಲ್ಲ, ಒಳಗಿನ ಪ್ಯಾಡ್ ಒಂದೇ ದುಡಿಯುತ್ತೆ. ಪಿಸ್ಟನ್ ಹಿಂದಕ್ಕೆ ಸರಿಯದಿದ್ದರೂ ಒಳಗಿನದೇ ಸವೆಯುತ್ತೆ. ಹೊರಗಿನದು ಮಾತ್ರ ಸವೆದಿದ್ದರೆ ಬ್ರೇಕ್ ಬಿಟ್ಟ ಮೇಲೂ ಕ್ಯಾಲಿಪರ್ ವಾಪಸ್ ಜಾರ್ತಿಲ್ಲ ಅಂತ ಅನುಮಾನಿಸಿ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಇದ್ದರೆ ಎರಡರಲ್ಲಿ ಒಂದು ಪಿನ್ ಮಾತ್ರ ಕಚ್ಚಿರೋ ಸಾಧ್ಯತೆ ಹೆಚ್ಚು.

ನನ್ನ ಗಾಡಿಯಲ್ಲಿ ಪಿನ್‌ನ ರಬ್ಬರ್ ಬೂಟ್ ಹರಿದಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಸೈಟಿಯ ಬಯಲು ಪಾರ್ಕಿಂಗ್, ವಾರಕ್ಕೆ ಮೂರು ದಿನ ವರ್ಕ್ ಫ್ರಮ್ ಹೋಮ್, ಗಾಡಿ ನಿಂತಲ್ಲೇ ನೆನೀತಿತ್ತು. ಅದರ ಮೇಲೆ ಹಳೇ ಗ್ಯಾರೇಜಿನವರು ಪಿನ್‌ಗೆ ಸಾದಾ ಗ್ರೀಸ್ ಬಳಿದಿದ್ದರು. ಪೆಟ್ರೋಲಿಯಂ ಗ್ರೀಸ್‌ಗೆ ಬ್ರೇಕಿನ ರಬ್ಬರ್ ಉಬ್ಬುತ್ತೆ. ಅಲ್ಲಿಗೆ ಬೇಕಾದದ್ದು ಸಿಲಿಕೋನ್ ಬ್ರೇಕ್ ಗ್ರೀಸ್. ಬೂಟ್ ಕಿಟ್‌ಗೆ ನಾನು ಕೊಟ್ಟದ್ದು ಆಫೀಸ್ ಹತ್ತಿರ ಒಂದು ಊಟಕ್ಕೆ ಕೊಡೋದಕ್ಕಿಂತ ಕಡಿಮೆ. ಡಿಸ್ಕ್ ಮಾತ್ರ ಹಾಳಾಗಿತ್ತು, ಎರಡೂ ಕಡೆಯದನ್ನು ಬದಲಿಸಬೇಕಾಯ್ತು.

ನೀವೇ ಏನು ನೋಡಬಹುದು? ಅಲಾಯ್ ಸಂದಿಯಿಂದ ಇಣುಕಿದರೆ ಕಾಣೋದು ಸಾಮಾನ್ಯವಾಗಿ ಹೊರಗಿನ ಪ್ಯಾಡ್. ನಾನೂ ಘಾಟ್‌ಗೆ ಹೋಗೋ ಮುಂಚೆ ಹಾಗೇ ಇಣುಕಿ "ಸೂಪರ್" ಅಂದ್ಕೊಂಡಿದ್ದೆ. ಟೈರ್ ರೊಟೇಷನ್‌ಗೆ ಗಾಲಿ ಬಿಚ್ಚಿದಾಗ ಒಳಗಿನದನ್ನೂ ತೋರಿಸಿ ಅಂತ ಕೇಳಿ. ಹೊಸ ಪ್ಯಾಡ್ 10 ಮಿ.ಮೀ. ಆಸುಪಾಸು ಇರುತ್ತೆ, 3ಕ್ಕೆ ಬಂದರೆ ಬದಲಿಸಿ. ಇನ್ನೊಂದು ಉಪಾಯ, ಹೆಚ್ಚು ಬ್ರೇಕ್ ಒತ್ತದೆ ಒಂದಷ್ಟು ದೂರ ಓಡಿಸಿ ನಿಲ್ಲಿಸಿ. ಎಡ ಬಲ ಗಾಲಿಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ, ಸುಡುತ್ತೆ. ಒಂದು ಕಡೆ ಮಾತ್ರ ಶಾಖ ಹೊಡೆದರೆ ಆ ಬ್ರೇಕ್ ಬಿಡ್ತಿಲ್ಲ.

ಅಲ್ಲಿಂದ ಮುಂದೆ ಮೆಕ್ಯಾನಿಕ್ ಕೆಲಸ. ಅವರು ಆ ಗಾಲಿ ಎತ್ತಿ ತಿರುಗಿಸ್ತಾರೆ. ಬಿಗಿಯಾಗಿದ್ದರೆ ಬ್ಲೀಡರ್ ಸ್ಕ್ರೂ ಸಡಿಲಿಸ್ತಾರೆ. ಆಗ ಗಾಲಿ ಸಡಿಲವಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ ಅಂತ ಅರ್ಥ, ಬ್ರೇಕ್ ಹೋಸ್ ಒಳಗೆ ಕುಸಿದಿರಬಹುದು. ಆಗಲೂ ಬಿಗಿಯಾಗೇ ಇದ್ದರೆ ಪಿನ್ ಅಥವಾ ಪಿಸ್ಟನ್. ಇಷ್ಟು ನೋಡದೆ ಹೊಸ ಪ್ಯಾಡ್ ಹಾಕೋದು, ಬಗ್ ಇರೋ ಕೋಡನ್ನೇ ರೀಸ್ಟಾರ್ಟ್ ಮಾಡಿ ಟಿಕೆಟ್ ಕ್ಲೋಸ್ ಮಾಡಿದ ಹಾಗೆ.

ಬ್ರೇಕ್ ಫ್ಲೂಯಿಡ್ ಬಗ್ಗೆ ಒಂದೇ ಮಾತು. ಅದು ಗಾಳಿಯ ತೇವ ಹೀರುತ್ತೆ. ಡಾಟ್ 4 ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ನೀರು ಸೇರಿದ ಮೇಲೆ ಆ ಮಿತಿ 155. ಘಾಟ್ ಇಳಿಯೋರು ಎರಡು ವರ್ಷಕ್ಕೊಮ್ಮೆ ಬದಲಿಸಿ.

ಈಗಿನ ಸೆಟ್ 14 ಸಾವಿರ ಓಡಿದೆ. ಹೋದ ಭಾನುವಾರ ಅಳೆದೆ: ಎಡಗಡೆ ಒಳಗಿನದು 7.5, ಹೊರಗಿನದು 7.8. ಬಲಗಡೆ ಎರಡೂ 7.6. ಗಣೇಶ ಹಬ್ಬಕ್ಕೆ ಊರಿಗೆ ಹೊರಡೋ ಮುಂಚೆ ಇನ್ನೊಮ್ಮೆ ಬಿಚ್ಚಿಸ್ತೀನಿ. ಹಿಂದಿನ ಡ್ರಮ್ ಬ್ರೇಕಿನ ಕಥೆ ಬೇರೆ, ಅದು ಮುಂದಿನ ವಿಡಿಯೋಗೆ.